ನೇಪಾಳದ ಆ ಫೋಟೋ ಯಾಕೆ ತೆಗೆದೆ ಅಂದ್ರೆ

1/11
ನನ್ನ ಪ್ರೊಫೈಲಲ್ಲಿ ಸ್ವಲ್ಪ ಕೆಳಗೆ ಹೋದ್ರೆ ಒಂದು ಫೋಟೋ ಇತ್ತು. ನಿಮ್ಮಲ್ಲಿ ತುಂಬಾ ಜನ ನೋಡಿದೀರಿ. ಹಿಂದೆ ಬೆಟ್ಟದ ಸಾಲು, ಅರ್ಧ ಎದ್ದ ಕಲ್ಲಿನ ಗೋಡೆ, ಮುಂದೆ ಕೈಯಲ್ಲಿ ಕರಣೆ ಹಿಡಿದ ನಾನು, ಪಕ್ಕದಲ್ಲಿ ಹರಿದ ಸ್ವೆಟರ್ ಹಾಕ್ಕೊಂಡು ನಗ್ತಿರೋ ಎಂಟು ವರ್ಷದ ಹುಡುಗಿ. ಎರಡು ವರ್ಷದ ಹಿಂದೆ ಹಾಕಿದ್ದು. 4,000 ದಾಟಿ ಲೈಕ್ ಬಂದಿತ್ತು. ನನ್ನ ಬೇರೆ ಯಾವ ಪೋಸ್ಟೂ 300 ದಾಟಿಲ್ಲ. ನಮ್ಮ ಸೋದರಮಾವ ಅದನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿ "ನಮ್ಮ ಹುಡುಗಿ ನೇಪಾಳದಲ್ಲಿ ಊರು ಕಟ್ತಿದಾಳೆ" ಅಂತ ಬರೆದಿದ್ರು.

ಮೊನ್ನೆ ರಾತ್ರಿ ಅದನ್ನ ತೆಗೆದೆ. ಬೆಳಗ್ಗೆ ಎದ್ದು ನೋಡಿದ್ರೆ ಮೂರು ಜನ ಜೂನಿಯರ್ಸ್ ಮೆಸೇಜ್ ಹಾಕಿದಾರೆ. "ಅಕ್ಕಾ, ಆ ಫೋಟೋ ಎಲ್ಲಿ ಹೋಯ್ತು? ಅದನ್ನ ತೋರ್ಸೇ ಮನೇಲಿ ಒಪ್ಪಿಸ್ಬೇಕು ಅಂತಿದ್ದೆ." ಈ ಸಲದ ಚಳಿಗಾಲದ ರಜೆಗೂ ಟೀಮ್ ಹೋಗ್ತಿದೆ, ಶುಕ್ರವಾರ ಹೆಸರು ಕೊಡೋಕೆ ಕೊನೇ ದಿನ, ಅದು ನಿಮಗೆಲ್ಲ ಗೊತ್ತು.

ಅದಕ್ಕೇ ಈ ಸರಣಿ. ಒಟ್ಟು ಹನ್ನೊಂದು ಪೋಸ್ಟು. ಹೋಗ್ಬೇಡಿ ಅಂತ ಹೇಳೋಕೆ ಬರೀತಿಲ್ಲ, ಕಾಲೇಜಿನ ಮೇಲೆ ದೂರು ಹೇಳೋಕೂ ಅಲ್ಲ. ನಾನು ಹೋಗಿದ್ದೆ, ಖುಷಿಯಾಗಿದ್ದೆ, ಹೆಮ್ಮೆ ಪಟ್ಟಿದ್ದೆ. ಆಮೇಲೆ ಈ ದಸರಾ ರಜೆಯಲ್ಲಿ ಯಾರಿಗೂ ಹೇಳದೆ ಅದೇ ಊರಿಗೆ ಇನ್ನೊಂದು ಸಲ ಹೋಗಿ ಬಂದೆ. ಎರಡನೇ ಸಲ ನೋಡಿದ್ದನ್ನ ಹೇಳದೆ ಸುಮ್ಮನಿದ್ರೆ ಶುಕ್ರವಾರ ನೀವು ಹೆಸರು ಬರೆಸೋದು ನನ್ನ ಆ ಫೋಟೋ ನಂಬಿ. ಅದು ನನಗೆ ಸರಿ ಅನ್ನಿಸಲಿಲ್ಲ.

2/11
ಮೊದಲು ಹಿನ್ನೆಲೆ. ಇದು ಗೊತ್ತಿಲ್ದೇನೇ ನಾವು ವಿಮಾನ ಹತ್ತಿದ್ವಿ, ನೀವಾದ್ರೂ ತಿಳ್ಕೊಂಡಿರಿ.

2015ರ ಏಪ್ರಿಲ್ 25, ಶನಿವಾರ, ಮಧ್ಯಾಹ್ನ 12 ಗಂಟೆಗೆ ಇನ್ನೂ ನಾಲ್ಕು ನಿಮಿಷ ಇತ್ತು. ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪ. ಕೇಂದ್ರ ಗೋರ್ಖಾ ಜಿಲ್ಲೆಯ ಬಾರ್ಪಾಕ್. ಮೇ 12ಕ್ಕೆ ಮತ್ತೊಂದು, 7.3. ಸತ್ತವರು ಸುಮಾರು 9,000 ಜನ. ಅದರಲ್ಲಿ 3,500ಕ್ಕೂ ಹೆಚ್ಚು ಜನ ಸಿಂಧುಪಾಲ್‌ಚೋಕ್ ಅನ್ನೋ ಒಂದೇ ಜಿಲ್ಲೆಯವರು. ಅಲ್ಲಿ ವಾರದ ರಜೆ ಶನಿವಾರ. ಆವತ್ತು ಶಾಲೆಗಳು ಮುಚ್ಚಿದ್ದಕ್ಕೆ ಎಷ್ಟೋ ಮಕ್ಕಳು ಉಳಿದ್ರು.

ಬೆಟ್ಟದ ಮನೆಗಳು ಬಿದ್ದಿದ್ದು ಯಾಕೆ? ಕಲ್ಲಿನ ಗೋಡೆ, ಮಧ್ಯೆ ಮಣ್ಣಿನ ಗಾರೆ. ಗೋಡೆಯ ಒಳಮುಖ, ಹೊರಮುಖ ಎರಡನ್ನೂ ಹಿಡಿದಿಡೋ ಉದ್ದ ಕಲ್ಲುಗಳು ಇರಲಿಲ್ಲ. ಮೂಲೆಗಳನ್ನ ಕಟ್ಟಿಹಾಕೋ ಅಡ್ಡಪಟ್ಟಿ ಇರಲಿಲ್ಲ. ಭೂಮಿ ಅಲುಗಾಡಿದಾಗ ಮೂಲೆ ಬಿಚ್ಕೊಂಡು ಗೋಡೆ ಹೊರಕ್ಕೆ ಉರುಳ್ತು. ಆಮೇಲೆ ಸರ್ಕಾರ ಮನೆ ಕಳಕೊಂಡ ಕುಟುಂಬಕ್ಕೆ 3 ಲಕ್ಷ ನೇಪಾಳಿ ರೂಪಾಯಿ ಕೊಡೋದು ಅಂತ ಮಾಡಿತು. ನಮ್ಮ 1 ರೂಪಾಯಿಗೆ ಅವರ 1.60. ದುಡ್ಡು ಒಟ್ಟಿಗೆ ಬರಲ್ಲ, ಮೂರು ಕಂತು. ತಳಪಾಯ, ಅಡ್ಡಪಟ್ಟಿ ಎಲ್ಲ ಸರಿಯಾಗಿ ಹಾಕಿದೀರಾ ಅಂತ ನೋಡಿ ಮುಂದಿನ ಕಂತು ಬಿಡೋದು. ಹೀಗೆ ಅಲ್ಲಿನ ಮೇಸ್ತ್ರಿಗಳೂ ಹೆಂಗಸರೂ ಹೊಸ ಕೆಲಸ ಕಲಿತ್ರು. ಮನೆ ಎದ್ದು ನಿಂತ್ವು.

ಅಂದ್ರೆ, ನಾವು 14 ಜನ ಬೆಂಗಳೂರಿಂದ "ಊರು ಕಟ್ಟೋಕೆ" ಹೋಗೋ ಹೊತ್ತಿಗೆ ಆ ಊರು ಹೆಚ್ಚುಕಡಿಮೆ ತನ್ನನ್ನ ತಾನೇ ಕಟ್ಕೊಂಡಿತ್ತು. ಭೂಕಂಪ ತಡೆಯೋ ಗೋಡೆ ಹೇಗೆ ಅಂತ ನಮಗೆ ಪಾಠದಲ್ಲಿ ಗೊತ್ತಿತ್ತು. ಅವರಿಗೆ ಕೈಯಲ್ಲಿ ಗೊತ್ತಿತ್ತು.

3/11
ನಾವು ಕಟ್ಟಿದ್ದು ಏನು ಅಂದ್ರೆ "ಸಮುದಾಯ ಕಲಿಕಾ ಕೇಂದ್ರ". 20 ಅಡಿ ಉದ್ದ, 12 ಅಡಿ ಅಗಲ, ಒಂದೇ ರೂಮು, ಮೇಲೆ ತಗಡು. ಪ್ಲಾನ್ ಮಾಡಿದ್ದು ನಮ್ಮ ಸ್ಟುಡಿಯೋದಲ್ಲಿ, ಮೂರು ರಾತ್ರಿ ನಿದ್ದೆಗೆಟ್ಟು. ಮಾಡೆಲ್ ಚೆನ್ನಾಗಿತ್ತು. ಜ್ಯೂರಿಯಲ್ಲಿ ಚಪ್ಪಾಳೆ ಸಿಕ್ಕಿತ್ತು. ಊರಿನ ಒಬ್ಬರನ್ನೂ ಕೇಳಿರಲಿಲ್ಲ. ಕೇಳ್ಬೇಕು ಅಂತ ಯಾರಿಗೂ ಹೊಳೀಲೂ ಇಲ್ಲ. ಒಂದು ಸಂಸ್ಥೆಯವರು "ಜಾಗ ಇದೆ, ಬನ್ನಿ" ಅಂದಿದ್ರು, ನಮಗೆ ಅಷ್ಟೇ ಸಾಕಾಗಿತ್ತು.

16 ದಿನ ಅಲ್ಲಿದ್ವಿ. ಮೊದಲ ದಿನ ಹೂವಿನ ಹಾರ, ಹಣೆಗೆ ಟೀಕಾ. ಆಮೇಲೆ ಕೆಲಸ. ಅಲ್ಲಿ ಮೇಸ್ತ್ರಿಗೆ ದಕರ್ಮಿ ಅಂತಾರೆ. ನಮ್ಮ ದಕರ್ಮಿ ದಾಇ ಐವತ್ತರ ಹತ್ತಿರದ ಮನುಷ್ಯ, ಮಾತು ಕಮ್ಮಿ. ನಾವು ಕಲ್ಲು ಇಟ್ಟ ಕಡೆ ಬಂದು, ನೋಡಿ, ನಕ್ಕು, ಅದೇ ಕಲ್ಲನ್ನ ತಿರುಗಿಸಿ ಇಡೋರು. ಒಂದು ದಿನದಲ್ಲಿ ಅವರು ಒಬ್ಬರೇ ಕಟ್ಟೋದನ್ನ ನಾವು ಆರು ಜನ ಸೇರ್ಕೊಂಡು ಎರಡು ದಿನ ಮಾಡ್ತಿದ್ವಿ.

ಕಲ್ಲು, ಮರಳು ರಸ್ತೆಯಿಂದ ಮೇಲಕ್ಕೆ ಹೊತ್ತು ತರಬೇಕಿತ್ತು. ಅಲ್ಲಿ ಬಿದಿರಿನ ದೊಡ್ಡ ಬುಟ್ಟಿ ಇದೆ, ಡೋಕೋ ಅಂತ. ಅದಕ್ಕೆ ನಾಮ್ಲೋ ಅನ್ನೋ ಪಟ್ಟಿ ಕಟ್ಟಿ ಹಣೆ ಮೇಲೆ ಭಾರ ಹಾಕ್ಕೊಂಡು ಹತ್ತೋದು. ನಾವೂ ಟ್ರೈ ಮಾಡಿದ್ವಿ, ವಿಡಿಯೋ ಮಾಡಿದ್ವಿ, ಕುತ್ತಿಗೆ ನೋವು ಬಂತು, ಆಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದ್ವಿ. ಟೀಮ್ ಸ್ಪಿರಿಟ್ ಅಂತ ರೀಲ್ ಹಾಕಿದ್ವಿ.

ಆ ಊರಲ್ಲಿ ಭಾರ ಹೊರೋದು ಕೂಲಿ ಕೆಲಸ. ಅದನ್ನ ನಾವು ಬಿಟ್ಟಿ ಮಾಡಿದ್ವಿ. ಅಂದ್ರೆ ಯಾರದೋ ಹದಿನೈದು ದಿನದ ಕೂಲಿ ನಮ್ಮ ರೀಲಿಗೆ ಹೋಯ್ತು. ಇದು ನನಗೆ ಹೊಳೆದಿದ್ದು ಎರಡು ವರ್ಷ ಆದ್ಮೇಲೆ.

4/11
ಈಗ ಲೆಕ್ಕ. ಟೀಮಿನ ಖರ್ಚಿನ ಪುಸ್ತಕ ಬರೆದಿದ್ದು ನಾನೇ, ಹಾಗಾಗಿ ಅಂಕಿ ನನ್ನ ಹತ್ರಾನೇ ಇದೆ.

ಒಟ್ಟು ಎತ್ತಿದ ದುಡ್ಡು ₹6,80,000. ಮನೆಯವರು, ಸೀನಿಯರ್ಸ್, ಫೆಸ್ಟಲ್ಲಿ ಹಾಕಿದ ಡಬ್ಬಿ, ಎರಡು ಅಂಗಡಿ ಸ್ಪಾನ್ಸರ್.
ವಿಮಾನದ ಟಿಕೆಟ್, 14 ಜನಕ್ಕೆ, ಹೋಗಿ ಬರೋದು: ₹3,64,000.
ಉಳ್ಕೊಳ್ಳೋದು, ಊಟ, ಜೀಪು, ಇನ್ಶೂರೆನ್ಸ್: ₹96,000.
ಟೀ ಶರ್ಟು, ಬ್ಯಾನರು, ಡ್ರೋನ್ ಬಾಡಿಗೆ: ₹28,000.
ಕಲ್ಲು, ಸಿಮೆಂಟು, ಕಬ್ಬಿಣ, ತಗಡು, ದಕರ್ಮಿ ಕೂಲಿ: ₹1,92,000.

ಭಾಗಿಸಿ ನೋಡಿ. ಜನ ಕೊಟ್ಟ ಪ್ರತಿ 100 ರೂಪಾಯಿಯಲ್ಲಿ ಊರಿಗೆ ತಲುಪಿದ್ದು 28. ಉಳಿದ 72 ನಮ್ಮನ್ನ ಅಲ್ಲಿಗೆ ತಲುಪಿಸೋಕೆ, ಅಲ್ಲಿ ಇಟ್ಕೊಳ್ಳೋಕೆ, ಅಲ್ಲಿದ್ವಿ ಅಂತ ತೋರ್ಸೋಕೆ.

ಇದನ್ನ ಒಬ್ಬ ಫ್ರೆಂಡಿಗೆ ಹೇಳಿದಾಗ ಅವನಂದ: "ಲೇ, ನಾವು ಹೋಗಿದ್ದಕ್ಕೇ ತಾನೇ ದುಡ್ಡು ಎದ್ದಿದ್ದು? ನಾವು ಹೋಗ್ದಿದ್ರೆ ಆ 28 ಕೂಡ ಬರ್ತಿರಲಿಲ್ಲ." ಮಾತು ನಿಜ. ನಮ್ಮಮ್ಮನ ಆಫೀಸಿನವರು ದುಡ್ಡು ಕೊಟ್ಟಿದ್ದು ನೇಪಾಳದ ಮೇಲಿನ ಪ್ರೀತಿಗಲ್ಲ, ನಮ್ಮಮ್ಮನ ಮುಖ ನೋಡಿ. ಇನ್ನೊಂದೂ ನಿಜ: ಆ ಪ್ರವಾಸದಿಂದ ನಾನು ಕಲಿತಿದ್ದು ಬಹಳ. ಕಲಿಯೋಕೆ ಖರ್ಚು ಮಾಡೋದು ತಪ್ಪಲ್ಲ.

ತಪ್ಪು ಎಲ್ಲಿ ಅಂದ್ರೆ, ಡಬ್ಬಿ ಮೇಲೆ "ನಮ್ಮ ಕಲಿಕೆಗೆ ಸಹಾಯ ಮಾಡಿ" ಅಂತ ಬರೀಲಿಲ್ಲ. "ನೇಪಾಳದ ಮಕ್ಕಳಿಗೆ ಸಹಾಯ ಮಾಡಿ" ಅಂತ ಬರೆದ್ವಿ. ಕಾಲೇಜ್ ಗೇಟಲ್ಲಿ ಕಡಲೆಕಾಯಿ ಮಾರೋ ಅಜ್ಜಿ ಕೂಡ ಆ ಡಬ್ಬಿಗೆ ಹತ್ತು ರೂಪಾಯಿ ಹಾಕಿದ್ರು. ಅವರ ದುಡ್ಡಲ್ಲಿ ಏಳು ರೂಪಾಯಿ ಚಿಲ್ಲರೆ ನಮ್ಮ ಟಿಕೆಟ್ಟು, ಟೀ ಶರ್ಟಿಗೆ ಹೋಯ್ತು. ಅವರಿಗೆ ಅದು ಗೊತ್ತಿಲ್ಲ.

5/11
ಈ ದಸರಾ ರಜೆ. ಈ ಸಲ ವಿಮಾನ ಇಲ್ಲ. ಯಶವಂತಪುರದಿಂದ ಗೋರಖಪುರಕ್ಕೆ ರೈಲು, ಎರಡು ದಿನ. ಅಲ್ಲಿಂದ ಸೋನೌಲಿ ಗಡಿ, ಆಮೇಲೆ ರಾತ್ರಿ ಬಸ್ಸಲ್ಲಿ ಕಾಠ್ಮಂಡು. ನಮಗೆ ವೀಸಾ ಬೇಡ, ವೋಟರ್ ಐಡಿ ಸಾಕು. ಜೊತೆಗೆ ನನ್ನ ರೂಮ್‌ಮೇಟ್. ಯಾಕೆ ಹೋಗ್ತಿದೀಯ ಅಂದ್ರೆ ನನ್ನ ಹತ್ರ ಸರಿಯಾದ ಉತ್ತರ ಇರಲಿಲ್ಲ. ಪ್ರಾಜೆಕ್ಟಿಗೆ ಫೋಟೋ ಬೇಕು ಅಂತ ಮನೇಲಿ ಹೇಳಿದ್ದೆ. ನಾವು ಕಟ್ಟಿದ್ದು ಹೇಗಿದೆ ಅಂತ ನೋಡ್ಬೇಕಿತ್ತು ಅಷ್ಟೇ.

ಕಾಠ್ಮಂಡುವಿಂದ ಸಿಂಧುಪಾಲ್‌ಚೋಕ್ ಬಸ್ಸು ಹಬ್ಬಕ್ಕೆ ಊರಿಗೆ ಹೋಗೋರಿಂದ ತುಂಬಿತ್ತು. ನಮ್ಮ ದಸರಾ ಅವರ ದಶೈಂ, ವರ್ಷದ ದೊಡ್ಡ ಹಬ್ಬ. ಗಲ್ಫ್, ಮಲೇಷ್ಯಾಕ್ಕೆ ದುಡಿಯೋಕೆ ಹೋದ ಗಂಡಸರು ರಜೆ ಸಿಕ್ಕರೆ ಆಗಲೇ ಬರೋದು.

ಊರಿಗೆ ಹತ್ತಿ, ಮೊದಲು ನಮ್ಮ ಕಟ್ಟಡದ ಹತ್ರ ಹೋದೆ. ಗೋಡೆ ಗಟ್ಟಿಯಾಗಿದೆ, ಒಂದು ಬಿರುಕಿಲ್ಲ. ಅದು ದಕರ್ಮಿ ದಾಇ ಪುಣ್ಯ. ನಾವು ಬರೆದ ಚಿತ್ರ, ಪುಸ್ತಕ ಓದ್ತಿರೋ ಮಗು, ಸೂರ್ಯ, ಹಕ್ಕಿ, ಅರ್ಧ ಉದುರಿತ್ತು. ನಮ್ಮ 14 ಹೆಸರಿನ ಗ್ರಾನೈಟ್ ಕಲ್ಲು ಮಾತ್ರ ಹೊಳೀತಿತ್ತು. ಬಾಗಿಲಿಗೆ ಬೀಗ.

ಕಿಟಕಿಯಿಂದ ಬಗ್ಗಿ ನೋಡಿದೆ. ಒಳಗೆ ಬಿತ್ತನೆ ಆಲೂಗಡ್ಡೆ. ನೆಲದ ತುಂಬಾ ಹರಡಿದ್ರು. ನಾವು ತಂದ ಪುಸ್ತಕದ ಶೆಲ್ಫ್ ಮೇಲೂ ಆಲೂಗಡ್ಡೆ.

ನಗು ಬಂತು, ಅಳುನೂ ಬಂತು. ಆದ್ರೆ ಒಂದು ಮಾತು ಒಪ್ಕೋಬೇಕು. ತಂಪಾಗಿ, ಒಣಗಿ, ಗಾಳಿ ಆಡೋ ರೂಮು. ಆಲೂಗಡ್ಡೆಗೆ ನಮ್ಮ ಡಿಸೈನ್ ತುಂಬಾ ಚೆನ್ನಾಗಿ ಹೊಂದಿತ್ತು.

6/11
ಬೀಗ ಯಾಕೆ? ಕೇಳಿದ್ರೆ ಕಥೆ ಸಿಂಪಲ್. ಆ ಜಾಗ ಕೊಟ್ಟಿದ್ದು ಮೇಲಿನ ಕೇರಿಯ ಒಂದು ಮನೆಯವರು. ಕೀ ಅವರ ಹತ್ರ. ಕೆಳಗಿನ ಕೇರಿಯವರಿಗೂ ಆ ಮನೆಗೂ ಹಳೇ ಮನಸ್ತಾಪ, ಅದರಲ್ಲಿ ಜಾತಿಯ ಮಾತೂ ಇದೆ. ಕೆಳಗಿನವರು ಆ ಅಂಗಳ ದಾಟಿ ಬರಲ್ಲ. ನಾವು "ಸಮುದಾಯ" ಅಂತ ಬೋರ್ಡ್ ಹಾಕಿದ್ವಿ, ಆದ್ರೆ ಅರ್ಧ ಸಮುದಾಯ ಕಾಲಿಡದ ಜಾಗದಲ್ಲಿ ಹಾಕಿದ್ವಿ.

ಊರಿನ ನಿಜವಾದ ಸಮುದಾಯ ಭವನ ಬೇರೇನೇ ಇತ್ತು. ನಾವು ದಿನಾ ಅದರ ಪಕ್ಕದಲ್ಲೇ ಓಡಾಡ್ತಿದ್ವಿ. ಚೌತಾರಿ. ನಮ್ಮ ಅರಳಿಕಟ್ಟೆ ಇದೆಯಲ್ಲ, ಅದೇ. ದಾರಿ ಪಕ್ಕ ಅರಳಿ, ಆಲ ಎರಡನ್ನೂ ಜೋಡಿಯಾಗಿ ನೆಟ್ಟು, ಸುತ್ತ ಕಲ್ಲಿನ ಕಟ್ಟೆ ಕಟ್ತಾರೆ. ನಮ್ಮಲ್ಲಿ ಅರಳಿಗೂ ಬೇವಿಗೂ ಮದುವೆ ಮಾಡೋ ಹಾಗೆ ಅಲ್ಲಿ ಅರಳಿಗೂ ಆಲಕ್ಕೂ ಮಾಡ್ತಾರೆ. ಸಿಂಧುಪಾಲ್‌ಚೋಕ್ ಜಿಲ್ಲಾ ಕೇಂದ್ರದ ಹೆಸರೇ ಚೌತಾರಾ. ಕಟ್ಟೆಗೆ ಎರಡು ಮಟ್ಟ ಇರತ್ತೆ. ಒಂದು ಕೂರೋಕೆ. ಇನ್ನೊಂದು ಎತ್ತರದ್ದು, ಬೆನ್ನ ಮೇಲಿನ ಡೋಕೋವನ್ನ ನಿಂತಲ್ಲೇ ಒರಗಿಸಿ ಇಡೋಕೆ. ನಮ್ಮ ಹಳೇ ದಾರಿಗಳಲ್ಲಿ ಹೊರೆಗಲ್ಲು ಇತ್ತಲ್ಲ, ಅದೇ ಕೆಲಸ.

ಆ ಚೌತಾರಿಯ ಒಂದು ಬದಿಯನ್ನ ರಸ್ತೆ ಅಗಲ ಮಾಡೋಕೆ ಬಂದ ಡೋಜರ್ ಕಿತ್ತುಹಾಕಿತ್ತು. ಹೋಗಿದ್ದು ಸರಿಯಾಗಿ ಹೊರೆ ಇಡೋ ಮಟ್ಟ. ಮೊದಲ ಸಲ ಹೋದಾಗಲೇ ಒಬ್ಬ ಆಮಾ (ಅಮ್ಮನಿಗೆ ಅಲ್ಲಿ ಹಾಗಂತಾರೆ) ನನ್ನ ಕೈ ಹಿಡಿದು ಕರ್ಕೊಂಡು ಹೋಗಿ ಅದನ್ನ ತೋರ್ಸಿ ಏನೋ ಹೇಳಿದ್ರು. ಹಿಂದಿ ಬರ್ತಿದ್ದ ಊರಿನ ಹುಡುಗ ನಮಗೆ ಹೇಳಿದ್ದು: "ನಿಮಗೆ ಸ್ವಾಗತ ಅಂತಿದಾರೆ." ನಾವು ಆಮಾ ಜೊತೆ ಸೆಲ್ಫಿ ತಗೊಂಡ್ವಿ.

ಈ ಸಲ ಅದೇ ಹುಡುಗನ್ನ ಕೇಳಿದೆ, ಆವತ್ತು ಅವರು ನಿಜವಾಗಿ ಏನಂದ್ರು ಅಂತ. "ಹುಲ್ಲಿನ ಹೊರೆ ಇಳಿಸೋಕೆ ಜಾಗ ಇಲ್ಲ, ಇದನ್ನ ಕಟ್ಟಿಕೊಡಿ ಅಂದ್ರು." ಮತ್ತೆ ಯಾಕಪ್ಪ ಹೇಳಲಿಲ್ಲ? ಅವನು ಬೇಜಾರಿಲ್ದೆ ಹೇಳಿದ: "ಹೇಳಿದ್ರೆ ಏನ್ ಮಾಡ್ತಿದ್ರಿ ದಿದಿ? ನಿಮ್ಮ ಪ್ಲಾನ್ ಆಗ್ಲೇ ಪ್ರಿಂಟ್ ಆಗಿತ್ತಲ್ಲ."

7/11
ಫೋಟೋದ ಹುಡುಗಿ. ಅವಳಿಗೀಗ ಹತ್ತು ವರ್ಷ. ಎತ್ತರ ಆಗಿದಾಳೆ. ನನ್ನ ನೋಡಿ ನಗಲಿಲ್ಲ, ಬಾಗಿಲ ಹಿಂದೆ ಹೋದಳು.

ಅವರಮ್ಮ ಟೀ ಕೊಟ್ರು. ಮನೆ ಮುಂದೆ ಕೂತು ಸ್ವಲ್ಪ ಹೊತ್ತು ಮಳೆ, ಬೆಳೆ, ಹಬ್ಬ ಅಂತ ಮಾತಾಡಿದ್ರು. ಆಮೇಲೆ ಒಳಗೆ ಹೋಗಿ ಫೋನ್ ತಂದ್ರು. ಸ್ಕ್ರೀನ್ ಮೇಲೆ ನನ್ನ ಪೋಸ್ಟು. ಗಂಡ ಕತಾರಲ್ಲಿ ಕೆಲಸಕ್ಕಿದಾರೆ. ಅಲ್ಲಿ ಅವರ ರೂಮಲ್ಲಿದ್ದ ಯಾರೋ ತೋರ್ಸಿದ್ರಂತೆ, "ಇದು ನಿಮ್ಮ ಊರಲ್ವಾ" ಅಂತ. ಗಂಡ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ನಾನು ತಿಂಗಳು ತಿಂಗಳು ದುಡ್ಡು ಕಳಿಸ್ತೀನಲ್ಲ, ಮಗಳು ಯಾಕೆ ಹರಿದ ಸ್ವೆಟರ್ ಹಾಕಿದಾಳೆ?"

ಆವತ್ತು ಅವಳು ಮೇಕೆ ಕಟ್ಟೋಕೆ ಹೊರಗೆ ಬಂದಿದ್ದಳಂತೆ. ಕೊಟ್ಟಿಗೆ ಕೆಲಸಕ್ಕೆ ಹಳೇ ಸ್ವೆಟರು. ಒಳ್ಳೇದು ಮನೆಯಲ್ಲೇ ಇತ್ತು. "ಒಂದು ಮಾತು ಹೇಳಿದ್ರೆ ಬಟ್ಟೆ ಬದಲಾಯಿಸಿ ತಲೆ ಬಾಚಿ ಕಳಿಸ್ತಿದ್ದೆ ನಾನಿ" ಅಂದ್ರು. ನಾನಿ ಅಂದ್ರೆ ಅಲ್ಲಿ ಮಗೂ ಅನ್ನೋ ಹಾಗೆ. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಆ ಫೋಟೋ ಕೆಳಗೆ ನಾನೇನು ಬರೆದಿದ್ದೆ ನೆನಪಿದೆಯಾ ನಿಮಗೆ? "ಏನೂ ಇಲ್ಲದವರ ಹತ್ತಿರ ನಗು ಇದೆ." 4,000 ಜನ ಅದಕ್ಕೆ ಹಾರ್ಟ್ ಒತ್ತಿದ್ರಿ. ಏನೂ ಇಲ್ಲದವರು! ಆ ಮನೆಯಲ್ಲಿ ಕತಾರಲ್ಲಿ ದುಡಿಯೋ ಅಪ್ಪ ಇದ್ದ, ಅಡ್ಡಪಟ್ಟಿ ಹಾಕಿ ಕಟ್ಟಿದ ಗೋಡೆ ಇತ್ತು, ಎರಡು ಮೇಕೆ, ಒಂದು ಒಳ್ಳೇ ಸ್ವೆಟರ್ ಎಲ್ಲ ಇತ್ತು. ನನ್ನ ಕ್ಯಾಪ್ಷನ್ನಿಗೆ ಅವು ಬೇಕಿರಲಿಲ್ಲ.

ತೆಗೀತೀನಿ ಅಂದೆ. ಅಲ್ಲಿ ನೆಟ್‌ವರ್ಕ್ ಸಿಗಲಿಲ್ಲ ಅನ್ನೋದು ನೆಪ. ಬೆಂಗಳೂರಿಗೆ ಬಂದ ಮೇಲೂ ಎರಡು ವಾರ ಬಿಟ್ಟೇ ಇದ್ದೆ. ಲೈಕ್ ಹೋಗತ್ತೆ ಅಂತ. ಇದನ್ನೂ ಹೇಳ್ಬಿಡ್ತೀನಿ, ಮುಚ್ಚಿಟ್ಟು ಪ್ರಯೋಜನ ಇಲ್ಲ.

8/11
ಮಾರನೇ ದಿನ ಬೆಳಗ್ಗೆ ಊರಲ್ಲಿ ಸದ್ದು. ಹಬ್ಬದ ದೊಡ್ಡ ದಿನಗಳು ಬರೋ ಮೊದಲು ಚೌತಾರಿ ಮುಗಿಸ್ಬೇಕು ಅಂತ ಕೆಲಸ ಶುರು ಆಗಿತ್ತು. 2017ರಲ್ಲಿ ನೇಪಾಳದಲ್ಲಿ ಹೊಸ ಸ್ಥಳೀಯ ಸರ್ಕಾರಗಳಿಗೆ ಚುನಾವಣೆ ಆಯ್ತು, ದೇಶಕ್ಕೆಲ್ಲ 753. ಅದರ ಕೆಳಗೆ ವಾರ್ಡ್ ಆಫೀಸುಗಳು. ಆಮಾ ಮತ್ತೆ ಕೆಳಗಿನ ಕೇರಿಯ ಹೆಂಗಸರು ವಾರ್ಡ್ ಆಫೀಸಿಗೆ ಓಡಾಡಿ ಓಡಾಡಿ ಸಿಮೆಂಟಿಗೂ ಕಲ್ಲು ಕಟ್ಟೋ ತಂತಿ ಬಲೆಗೂ ದುಡ್ಡು ಮಂಜೂರು ಮಾಡಿಸಿದ್ರು. ಕೆಲಸ ಮಾತ್ರ ಪರ್ಮಾ.

ಪರ್ಮಾ ಅಂದ್ರೆ ಏನು ಗೊತ್ತಾ? ಇವತ್ತು ನಿಮ್ಮ ಗದ್ದೆಗೆ ನಾನು ಬರ್ತೀನಿ, ನಾಳೆ ನನ್ನ ಗದ್ದೆಗೆ ನೀವು ಬರಬೇಕು. ಕೂಲಿ ಇಲ್ಲ, ಲೆಕ್ಕ ಇದೆ. ಕಡೂರು ಕಡೆ ನಮ್ಮಜ್ಜಿ ಇದನ್ನೇ ಮುಯ್ಯಾಳು ಅಂತಿದ್ರು. ರಾಗಿ ಹೊಲದ ಕಳೆ ಕೀಳೋಕೆ ಹೀಗೇ ಹೋಗಿ ಬರೋರಂತೆ. ಚೌತಾರಿ ಯಾರೊಬ್ಬರದ್ದೂ ಅಲ್ಲ, ಆದ್ರೂ ಮನೆಗೊಂದು ಆಳು ಬರಲೇಬೇಕು. ಬರದ ಮನೆ ಯಾವುದು ಅಂತ ಎಲ್ಲರಿಗೂ ಗೊತ್ತಿರತ್ತೆ. ಮೇಲಿನ ಕೇರಿಯಿಂದಲೂ ಬಂದಿದ್ರು, ಯಾಕಂದ್ರೆ ಅದು ದಾರಿ. ದಾರಿಯಲ್ಲಿ ಎಲ್ಲರೂ ಹೊರೆ ಹೊರಬೇಕು.

ನಾವಿಬ್ಬರೂ ಸೇರ್ಕೊಂಡ್ವಿ. ಈ ಸಲ ಕರಣೆ ಯಾರೂ ಕೊಡಲಿಲ್ಲ. ಚಿಕ್ಕ ಕಲ್ಲು ಆರಿಸಿ ಕೊಡೋ ಕೆಲಸ. ತಪ್ಪು ಕಲ್ಲು ಕೊಟ್ರೆ ದಕರ್ಮಿ ದಾಇ ಈಗ ನಗ್ತಿರಲಿಲ್ಲ, ಗದರ್ತಿದ್ರು. ಮಧ್ಯಾಹ್ನ ಊಟಕ್ಕೆ ಢಿಂಡೋ. ಬಾಯಿಗಿಟ್ರೆ ನಮ್ಮ ಮುದ್ದೆ! ಅಲ್ಲಿ ಕೋದೋ ಅನ್ನೋದು ನಮ್ಮ ರಾಗೀನೇ. ಮುರಿದು ಸಾರಲ್ಲಿ ಅದ್ದಿ ನುಂಗಿದ್ದು ನೋಡಿ ಹೆಂಗಸರಿಗೆಲ್ಲ ಆಶ್ಚರ್ಯ.

ಸಂಜೆ ಕೈ ತೊಳೀತಿದ್ದಾಗ ಆಮಾ ಕೇಳಿದ್ರು: "ನಾನಿ, ನೀನು ನಮ್ಮ ಕೆಲಸಕ್ಕೆ ಬಂದೆ. ನಿಮ್ಮ ಮನೆ ಕೆಲಸಕ್ಕೆ ನಮ್ಮನ್ನ ಯಾವಾಗ ಕರೀತೀಯ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದ್ರೆ ಉತ್ತರ ಇರಲಿಲ್ಲ.

9/11
ವಾಪಸ್ ರೈಲಲ್ಲಿ ಎರಡು ದಿನ. ನಮ್ಮ ಹಾಗೆ ಮಾಡಿದೋರು ಬೇರೆ ಯಾರಾದ್ರೂ ಇದಾರಾ ಅಂತ ಓದ್ತಾ ಕೂತೆ. ಬೇಕಾದಷ್ಟು ಇದಾರೆ. ದೊಡ್ಡ ದೊಡ್ಡವರೇ.

ಪ್ಲೇಪಂಪ್ ಅನ್ನೋ ಒಂದು ಕಥೆ. ಮಕ್ಕಳು ಆಡೋ ತಿರುಗಣೆಯನ್ನ ಬೋರ್‌ವೆಲ್ಲಿಗೆ ಜೋಡಿಸೋದು. ಮಕ್ಕಳು ಸುತ್ತಿದ ಹಾಗೆ ನೀರು ಮೇಲಿನ ಟ್ಯಾಂಕಿಗೆ ಏರತ್ತೆ. ಫೋಟೋಗೆ ಇದಕ್ಕಿಂತ ಚೆಂದದ್ದು ಬೇಕಾ? ಶುರುವಾಗಿದ್ದು ದಕ್ಷಿಣ ಆಫ್ರಿಕಾದಲ್ಲಿ. 2006ರಲ್ಲಿ ಅಮೆರಿಕದಲ್ಲಿ ಇದಕ್ಕೆ 1.64 ಕೋಟಿ ಡಾಲರಿನ ಯೋಜನೆ ಘೋಷಣೆ ಆಯ್ತು. 2010ರೊಳಗೆ ಆಫ್ರಿಕಾದಲ್ಲಿ 4,000 ಪಂಪ್ ಹಾಕೋ ಗುರಿ. ಆಮೇಲೆ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕ್ತು: ಒಂದು ಪಂಪಿಂದ ಅವರು ಹೇಳಿದಷ್ಟು ಜನಕ್ಕೆ ನೀರು ಸಿಗಬೇಕಾದ್ರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು. ಇರೋದೇ 24! ಎಷ್ಟೋ ಊರಲ್ಲಿ ಮಕ್ಕಳಿಲ್ಲದ ಹೊತ್ತಲ್ಲಿ ಹೆಂಗಸರೇ ಆ ಚಕ್ರ ಸುತ್ತುತ್ತಿದ್ರು. ಇದ್ದ ಕೈಪಂಪ್ ತೆಗೆದು ಇದನ್ನ ಹಾಕಿದ ಕಡೆಗಳೂ ಇದ್ವು. ಕೆಟ್ಟರೆ ರಿಪೇರಿ ಊರಿನವರ ಕೈಲಿ ಆಗ್ತಿರಲಿಲ್ಲ.

ಇನ್ನೊಂದು, ನಮ್ಮಂಥ ವಿದ್ಯಾರ್ಥಿಗಳಿಗೇ ಹೇಳಿದ್ದು. 1968ರ ಏಪ್ರಿಲಲ್ಲಿ ಇವಾನ್ ಇಲಿಚ್ ಅನ್ನೋ ಚಿಂತಕ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಮುಂದೆ ಒಂದು ಭಾಷಣ ಮಾಡಿದ್ರು. ಸೇವೆ ಮಾಡೋಕೆ ಬಂದ ಹುಡುಗರಿಗೆ ಮುಖಕ್ಕೇ ಹೇಳಿದ್ರು: ಬನ್ನಿ, ನೋಡಿ, ಕಲೀರಿ, ಬೆಟ್ಟ ಹತ್ತಿ, ಹೂವು ನೋಡಿ. ಸಹಾಯ ಮಾಡೋಕೆ ಮಾತ್ರ ಬರ್ಬೇಡಿ. ಅವರ ಮಾತನ್ನ ನಾನು ನನ್ನ ಮಾತಲ್ಲಿ ಹೇಳ್ತಿದೀನಿ, ಧಾಟಿ ಅದೇ. ಓದಿದಾಗ ಮೊದಲು ಸಿಟ್ಟು ಬಂತು. ಇಟಾರ್ಸಿ ದಾಟೋ ಹೊತ್ತಿಗೆ ಸಿಟ್ಟು ಇಳಿದು ನಾಚಿಕೆ ಆಯ್ತು. ಬೆಂಗಳೂರು ಬರೋ ಹೊತ್ತಿಗೆ ಅನ್ನಿಸಿದ್ದು: ಪೂರ್ತಿ ಒಪ್ಪೋಕಾಗಲ್ಲ. ಯಾಕೆ ಅಂತ ಮುಂದಿನ ಪೋಸ್ಟಲ್ಲಿ.

10/11
ಯಾಕಂದ್ರೆ ಸರಿಯಾಗಿ ಮಾಡಿದ ವಿದ್ಯಾರ್ಥಿಗಳೂ ಇದಾರೆ.

ಆನಾ ಹೆರಿಂಗರ್ ಗೊತ್ತಲ್ಲ, ಆರ್ಕಿಟೆಕ್ಚರ್ ಓದೋರು ಕೇಳಿರ್ತೀರಿ. 1997ರಲ್ಲಿ, 19ನೇ ವಯಸ್ಸಲ್ಲಿ, ಬಾಂಗ್ಲಾದೇಶದ ಹಳ್ಳಿಗೆ ಹೋಗಿ ದೀಪಶಿಖಾ ಅನ್ನೋ ಅಲ್ಲಿನದ್ದೇ ಸಂಸ್ಥೆ ಜೊತೆ ಹೆಚ್ಚುಕಡಿಮೆ ಒಂದು ವರ್ಷ ಇದ್ದರು. ಕಟ್ಟೋಕೆ ಅಲ್ಲ, ಅಲ್ಲಿನ ಕೆಲಸ ನೋಡಿ ಕಲಿಯೋಕೆ. ಆಮೇಲೂ ಮತ್ತೆ ಮತ್ತೆ ಹೋದ್ರು. ರುದ್ರಪುರ ಅನ್ನೋ ಊರಿನ ಶಾಲೆಯ ಡಿಸೈನ್ ಅವರ ಕಾಲೇಜ್ ಪ್ರಾಜೆಕ್ಟ್ ಆಗಿದ್ದು ಆಮೇಲೆ. ಕಟ್ಟೋಕೆ ಕೈ ಹಾಕಿದ್ದು 2005ರಲ್ಲಿ. ಮೊದಲ ಸಲ ಕಾಲಿಟ್ಟು ಎಂಟು ವರ್ಷ! ಮಣ್ಣು, ಬಿದಿರು, ಊರಿನ ಕೆಲಸಗಾರರು. ದುಡ್ಡಲ್ಲಿ ಬಹುಪಾಲು ಕೂಲಿಯಾಗಿ ಅಲ್ಲೇ ಉಳೀತು. 2007ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು.

ಫ್ರಾನ್ಸಿಸ್ ಕೆರೆ ಇನ್ನೊಬ್ಬರು. ಬುರ್ಕಿನಾ ಫಾಸೋ ದೇಶದ ಗಾಂಡೋ ಅನ್ನೋ ಊರಿನವರು. ಬರ್ಲಿನ್ನಲ್ಲಿ ಓದ್ತಿದ್ದಾಗಲೇ ತಮ್ಮೂರಿಗೆ ಶಾಲೆ ಕಟ್ಟೋಕೆ ದುಡ್ಡು ಕೂಡಿಸಿದ್ರು. ಜೇಡಿಮಣ್ಣಿನ ಇಟ್ಟಿಗೆ ಅಂದಾಗ ಊರಿನವರೇ ಒಪ್ಪಲಿಲ್ಲ, ಮಳೆಗೆ ಕರಗತ್ತೆ ಅಂತ. ಮಣ್ಣಿನಲ್ಲಿ ಕಮಾನು ಮಾಡಿ, ಅದರ ಮೇಲೆ ತಾವೇ ಹತ್ತಿ ಕುಣಿದು ತೋರ್ಸಿದ್ರು. 2001ಕ್ಕೆ ಶಾಲೆ ಆಯ್ತು. 2022ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು, ಆಫ್ರಿಕಾದಿಂದ ಮೊದಲ ಸಲ. ಕೆರೆ ಹೊರಗಿನವರಲ್ಲ, ಆದ್ರೂ ಒಪ್ಪಿಸ್ಬೇಕಾಯ್ತು ನೋಡಿ.

ಇಬ್ಬರಲ್ಲೂ ಕಾಣೋದು ಒಂದೇ. ಪ್ಲಾನ್ ಮೊದಲು ಬರಲಿಲ್ಲ, ನಂಟು ಮೊದಲು ಬಂತು. ನಂಟು ಅಂದ್ರೆ ಬೈಸ್ಕೊಳ್ಳೋದು, ಬೇಡ ಅನ್ನಿಸ್ಕೊಳ್ಳೋದು, ಮತ್ತೆ ಹೋಗೋದು. ನಮ್ಮ 16 ದಿನದಲ್ಲಿ ನಮಗೆ ಬೇಡ ಅನ್ನೋಕೆ ಊರಿಗೆ ಸಮಯಾನೇ ಇರಲಿಲ್ಲ. ಹಾರ ಹಾಕೋಕೆ ಮಾತ್ರ ಇತ್ತು.

11/11
ಶುಕ್ರವಾರ ಬರ್ತಿದೆ. ಹೆಸರು ಕೊಡೋ ಮೊದಲು ಟೀಮ್ ಲೀಡರನ್ನ ಈ ಐದು ಪ್ರಶ್ನೆ ಕೇಳಿ.

ಇದು ಬೇಕು ಅಂದವರು ಯಾರು? ಸಂಸ್ಥೆಯಲ್ಲ, ಊರಲ್ಲಿ ಯಾರು? ಹೆಂಗಸರನ್ನ ಕೇಳಿದ್ರಾ?
ಜಾಗ ಯಾರದ್ದು, ಕೀ ಯಾರ ಹತ್ರ ಇರತ್ತೆ, ಅಲ್ಲಿಗೆ ಯಾರು ಬರಲ್ಲ?
ನಾವು ಬಿಟ್ಟಿ ಮಾಡೋ ಕೆಲಸಕ್ಕೆ ಅಲ್ಲಿ ಕೂಲಿ ತಗೊಳ್ಳೋರು ಇದಾರಾ?
ತಗಡು ಹಾರಿದ್ರೆ, ಬಾಗಿಲು ಕಿತ್ತರೆ, ಮೂರನೇ ವರ್ಷ ರಿಪೇರಿ ಯಾರು ಮಾಡ್ತಾರೆ? ವಾರ್ಡ್ ಆಫೀಸಿಗೆ ಗೊತ್ತಾ?
ದುಡ್ಡು ಎತ್ತೋ ಡಬ್ಬಿ ಮೇಲೆ ನಿಜವಾದ ಲೆಕ್ಕ ಬರೀತೀವಾ?

ಉತ್ತರ ಇದ್ರೆ ಹೋಗಿ. ಖುಷಿಯಾಗಿ ಹೋಗಿ. ಇಲ್ಲದಿದ್ರೆ ಈ ಸಲ ಇಬ್ಬರು ಮಾತ್ರ ಹೋಗಿ ಕೂತು ಕೇಳ್ಕೊಂಡು ಬರಲಿ, ಉಳಿದ 12 ಟಿಕೆಟ್ಟಿನ ದುಡ್ಡು ಹಾಗೇ ಇಟ್ಟಿರಿ ಅಂತ ಹೇಳಿ ನೋಡಿ. ಬೈದರೆ ನನ್ನ ಹೆಸರು ಹೇಳಿ. ಮಕ್ಕಳ ಫೋಟೋ ತೆಗೆಯೋ ಮುಂಚೆ ಅವರ ಅಮ್ಮನ್ನ ಕೇಳಿ. ಬಟ್ಟೆ ಬದಲಾಯಿಸೋಕೆ ಹತ್ತು ನಿಮಿಷ ಕೊಡಿ.

ನಾನು ಇಷ್ಟು ದಿನ ಅದನ್ನ ದಾನ ಅಂದ್ಕೊಂಡಿದ್ದೆ. ದಾನ ಕೊಟ್ಟವರು ಕೈ ಒರೆಸ್ಕೊಂಡು ಬರಬಹುದು. ಆಮಾ ಕೇಳಿದ್ದು ಮುಯ್ಯಿ. ಅದು ಎರಡೂ ಕಡೆಯವರ ಲೆಕ್ಕ, ಅಲ್ಲಿ ನಾನೂ ಸಾಲಗಾರಳು.

ಆವತ್ತು ನಮಗೆ ತಪ್ಪು ಅನುವಾದ ಮಾಡಿದ ಹುಡುಗ ಇದಾನಲ್ಲ, ಮುಂದಿನ ತಿಂಗಳು ಹೋಟೆಲ್ ಮ್ಯಾನೇಜ್‌ಮೆಂಟ್ ಓದೋಕೆ ಬೆಂಗಳೂರಿಗೆ ಬರ್ತಿದಾನೆ. ಆಮಾ ಅವನ ಅಜ್ಜಿ ಅಂತ ನನಗೆ ಆಮೇಲೆ ಗೊತ್ತಾಯ್ತು. ಅವನಿಗೆ ರೂಮ್ ಹುಡುಕ್ಬೇಕು, ಅಡ್ವಾನ್ಸ್ ಕಮ್ಮಿ ಮಾಡಿಸ್ಬೇಕು, ಯಶವಂತಪುರ ಸ್ಟೇಷನ್ನಿಗೆ ಹೋಗಿ ಕರ್ಕೊಂಡು ಬರ್ಬೇಕು. ಸ್ವಲ್ಪ ಕನ್ನಡ ಕಲಿಸ್ಬೇಕು, ಆಟೋದವರ ಹತ್ರ ಮಾತಾಡೋ ಅಷ್ಟು.

ಮತ್ತಿಕೆರೆ ಕಡೆ ಕಮ್ಮಿ ಬಾಡಿಗೆಗೆ ರೂಮ್ ಗೊತ್ತಿದ್ರೆ ಮೆಸೇಜ್ ಮಾಡಿ. ಅವನ ಫೋಟೋ ಹಾಕಲ್ಲ.